ಗಿರ್ಮಿಟ್ ಚಲೋ, ಚಹಾ ಖಡಕ್, ಪ್ಯಾಕಿಯಾವ್ ವಾದ ಮಾತ್ರ ಮುಗಿಯಲ್ಲ

ಗಿರ್ಮಿಟ್‌ಗೆ ನಾಲ್ಕು ಸ್ಟಾರ್, ಚಹಾಕ್ಕೆ ನಾಲ್ಕೂವರೆ, ಮಿರ್ಚಿಗೆ ಮೂರೇ. ಮಿರ್ಚಿಗೆ ಯಾಕೆ ಕಡಿಮೆ ಅಂತ ಕೇಳಿದರೆ ನೇರವಾಗಿ ಹೇಳೋಕೆ ಆಗಲ್ಲ, ನಡುವೆ ಬಾಕ್ಸರ್ ಮ್ಯಾನಿ ಪ್ಯಾಕಿಯಾವ್ ಬರ್ತಾನೆ. ಸ್ವಲ್ಪ ತಾಳ್ಮೆ ಇರಲಿ.

ಅಂಗಡಿ ಇರೋದು ಹುಬ್ಬಳ್ಳಿಯಲ್ಲಿ, ದುರ್ಗದಬೈಲ್‌ನಿಂದ ನಡೆದು ಐದು ನಿಮಿಷ, ಒಂದು ಗಲ್ಲಿಯೊಳಗೆ. ಹೆಸರು ಬರೆಯೋಣ ಅಂದರೆ ಬೋರ್ಡೇ ಇಲ್ಲ. ಇದ್ದದ್ದು ಒಂದು ಮಳೆಗಾಲದ ಗಾಳಿಗೆ ಬಿತ್ತಂತೆ, ಮತ್ತೆ ಹಾಕಿಸಲಿಲ್ಲ. "ತಿನ್ನಾವ್ರಿಗೆ ಜಾಗಾ ಗೊತ್ತೈತಿ, ಗೊತ್ತಿಲ್ಲದಾವ್ರು ವಾಸನಿ ಹಿಡ್ಕೊಂಡು ಬರ್ತಾರ" ಅಂತಾರೆ ಮಾಲಕರು. ಅವರು ಎಲ್ಲರಿಗೂ ಕಾಕಾ, ಕಡಾಯಿ ಮುಂದೆ ಕೂರುವ ಅವರ ಮನೆಯವರು ಎಲ್ಲರಿಗೂ ಕಾಕು. ಕಾಕಾ ಸೈನ್ಯದಲ್ಲಿದ್ದು ಬಂದವರು. ಅಲ್ಲಿ ಬಾಕ್ಸಿಂಗ್ ಆಡುತ್ತಿದ್ದರು, ಆಗ 48 ಕೆಜಿ ಇದ್ದರಂತೆ. ಈಗಿನ ಹೊಟ್ಟೆ ನೋಡಿದರೆ ನಂಬೋದು ಕಷ್ಟ. ಆದರೆ ಗಲ್ಲಾಪೆಟ್ಟಿಗೆ ಮೇಲೆ ಒಂದು ಕಪ್ಪು-ಬಿಳುಪು ಫೋಟೋ ಇದೆ, ಕಡ್ಡಿಯಂಥ ಹುಡುಗ, ಗ್ಲೌಸು ಮುಖಕ್ಕಿಂತ ದೊಡ್ಡದು, ಮೂಗು ಮಾತ್ರ ಇದೇ ಮೂಗು.

ಬೇರೆ ಅಂಗಡಿಗಳಲ್ಲಿ ಟಿವಿ ಇದ್ದರೆ ಕ್ರಿಕೆಟ್, ಇಲ್ಲಾಂದ್ರೆ ನ್ಯೂಸ್ ಚಾನೆಲ್ಲಿನ ಕೂಗಾಟ. ಇಲ್ಲಿ ಶನಿವಾರ ಸಂಜೆ ಹಳೇ ಬಾಕ್ಸಿಂಗ್ ಪಂದ್ಯ ಹಾಕ್ತಾರೆ, ಯೂಟ್ಯೂಬಿನಲ್ಲಿ, ಸೌಂಡ್ ಬಂದ್ ಮಾಡಿ. ಸೌಂಡ್ ಬೇಕಾಗೋದೂ ಇಲ್ಲ, ಕಾಮೆಂಟರಿ ಕಾಕಾದ್ದೇ. ನಾನು ಧಾರವಾಡದವನು, ಕೆಲಸ ಹುಬ್ಬಳ್ಳಿಯಲ್ಲಿ. ಶನಿವಾರ ಆಫೀಸ್ ಮುಗಿಸಿ ಚಿಗರಿ ಬಸ್ ಹತ್ತೋಕೆ ಮೊದಲು ಇಲ್ಲಿಗೆ ಬಂದೇ ಹೋಗೋದು. ಅರ್ಧ ಗಂಟೆ ಅಂತ ಬಂದು ಎರಡು ಗಂಟೆ ಕೂತು ಮನೆಯಲ್ಲಿ ಬೈಸಿಕೊಂಡಿದ್ದಕ್ಕೆ ಲೆಕ್ಕ ಇಲ್ಲ.

ಮೊದಲು ಗಿರ್ಮಿಟ್. ಉಳ್ಳಾಗಡ್ಡಿ ಬಾಡಿಸಿ, ಅರಿಶಿನ, ಹಸಿಮೆಣಸಿನಕಾಯಿ, ಹುಣಸೆ ರಸ, ಚೂರು ಬೆಲ್ಲ ಹಾಕಿ ಕುದಿಸಿದ ಗೊಜ್ಜನ್ನ ಕಾಕು ಮಧ್ಯಾಹ್ನವೇ ಮಾಡಿಟ್ಟಿರ್ತಾರೆ. ಚುರುಮುರಿ ಬೋಗುಣಿಗೆ ಬೀಳೋದು ಮಾತ್ರ ನೀವು ಹೇಳಿದ ಮೇಲೆಯೇ. ಗೊಜ್ಜು ಹಾಕಿ ಕೈಯಲ್ಲೇ ಎರಡು ಸಲ ತಿರುವಿ, ಪುಟಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಮೇಲೊಂದು ಹಿಡಿ ಸೇವು. ಹುಳಿ ಮುಂದೆ ಬರುತ್ತೆ, ಸಿಹಿ ಹಿಂದೆ, ಖಾರ ಎಲ್ಲ ಮುಗಿದ ಮೇಲೆ. ಐದು ನಿಮಿಷದೊಳಗೆ ತಿನ್ನಬೇಕು, ಇಲ್ಲದಿದ್ದರೆ ಚುರುಮುರಿ ಮೆತ್ತಗಾಗುತ್ತೆ. ವಾದಕ್ಕೆ ಕೂತವರ ಗಿರ್ಮಿಟ್ ಯಾವತ್ತೂ ಮೆತ್ತಗೆ, ಅದು ಕಾಕುವಿನ ತಪ್ಪಲ್ಲ. ಐದನೇ ಸ್ಟಾರ್ ಕಟ್ ಆಗಿದ್ದು ಪುಟಾಣಿ ಹಿಟ್ಟಿಗೆ. ಕೆಲವು ದಿನ ಕೈ ಜಾಸ್ತಿ ಬಿದ್ದು ಬಾಯೆಲ್ಲ ಒಣಗುತ್ತೆ.

ಈಗ ವಾದ. ಪ್ಯಾಕಿಯಾವ್ ಪೀಕ್‌ನಲ್ಲಿ, ಅಂದರೆ ತನ್ನ ಆಟದ ತುತ್ತತುದಿಯಲ್ಲಿ, ಇದ್ದದ್ದು ಯಾವಾಗ? ಬೇರೆ ಬಾಕ್ಸರ್ ಆಗಿದ್ದರೆ ಒಂದೋ ಎರಡೋ ತೂಕದ ವರ್ಗದಲ್ಲಿ ಆಡಿರ್ತಾನೆ, ಇಂಥ ವರ್ಷದಿಂದ ಇಂಥ ವರ್ಷ ಅಂತ ಹೇಳಿ ಚಹಾ ಕುಡಿದು ಎದ್ದು ಹೋಗಬಹುದು. ಈ ಫಿಲಿಪೈನ್ಸ್ ಮನುಷ್ಯ ಎಂಟು ತೂಕಗಳಲ್ಲಿ ಪಟ್ಟ ಗೆದ್ದವನು, ಗಂಡಸರಲ್ಲಿ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ. 1995ರಲ್ಲಿ ಹದಿನಾರನೇ ವಯಸ್ಸಿಗೆ ಮೊದಲ ಪಂದ್ಯಕ್ಕೆ ಬಂದಾಗ ತೂಕ ಸಾಲದೆ ಜೇಬಿನಲ್ಲಿ ಭಾರ ಇಟ್ಟುಕೊಂಡು ತೂಗಿಸಿಕೊಂಡಿದ್ದೆ ಅಂತ ಆಮೇಲೆ ತಾನೇ ಹೇಳಿಕೊಂಡಿದ್ದಾನೆ. 1998ರಲ್ಲಿ ಥಾಯ್ಲೆಂಡ್‌ಗೆ ಹೋಗಿ ಚಾಚಾಯ್ ಸಾಸಾಕುಲ್‌ನನ್ನ ಎಂಟನೇ ಸುತ್ತಿನಲ್ಲಿ ಮಲಗಿಸಿ ಮೊದಲ ಪಟ್ಟ ತಗೊಂಡ. ಅದು 112 ಪೌಂಡಿನ ಫ್ಲೈವೇಟ್, ಅಂದರೆ 51 ಕೆಜಿಗೂ ಒಳಗೆ. 2010ರಲ್ಲಿ ಎಂಟನೇ ತೂಕದ ಪಟ್ಟ ತಗೊಂಡಾಗ ಅದು 154 ಪೌಂಡಿನದು, 70 ಕೆಜಿ ಹತ್ತಿರ. ಇವೆರಡರ ನಡುವೆ ಎಲ್ಲಿ ಕೈ ಇಟ್ಟು 'ಇಲ್ಲೇ' ಅನ್ನೋದು?

ಕಾಕಾಗೆ ಅನುಮಾನವೇ ಇಲ್ಲ. 2003ರ ನವೆಂಬರ್, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ, ಎದುರಿಗೆ ಮಾರ್ಕೊ ಆಂಟೋನಿಯೊ ಬರೇರಾ, 126 ಪೌಂಡ್. ಬರೇರಾ ಆಗ ಆ ತೂಕದಲ್ಲಿ ಎಲ್ಲರಿಗಿಂತ ಮೇಲೆ ಅನಿಸಿಕೊಂಡಿದ್ದವನು. ಹನ್ನೊಂದನೇ ಸುತ್ತಿನಲ್ಲಿ ಬರೇರಾನ ಕಡೆಯವರೇ ಒಳಗೆ ಬಂದು ಸಾಕು ಅಂದರು. ಕಾಕಾ ಈ ಪಂದ್ಯವನ್ನ ಎಷ್ಟು ಸಲ ಹಾಕಿದ್ದಾರೆ ಅಂದರೆ ಕಪ್ ತೊಳೆಯುವ ಹುಡುಗನಿಗೂ ಯಾವ ಸುತ್ತಿನಲ್ಲಿ ಏನಾಗುತ್ತೆ ಅಂತ ಬಾಯಿಪಾಠ. "ನೋಡೋ ತಮ್ಮಾ, ಅವತ್ತ ಅವನ ಕಡೆ ಎಡಗೈ ಒಂದ ಇತ್ತು. ಒಂದ ಕೈಲೆ ಅಂಥಾ ಬರೇರಾನ್ನ ಮುಗಿಸ್ಯಾನ. ಎರಡ ವಾರದ ಮೊದಲ ಫೋನ್ ಮಾಡಿ ಕರೆದ್ರ ಬಂದು ಲೆಡ್ವಾಬಾನ್ನ ಹೊಡದಾನ. ಅದು ಹಸಿವು! ಆಮ್ಯಾಲಿಂದೆಲ್ಲಾ ರೊಕ್ಕ." ಲೆಡ್ವಾಬಾ ಅಂದರೆ ದಕ್ಷಿಣ ಆಫ್ರಿಕಾದವನು, 2001ರಲ್ಲಿ ಲಾಸ್ ವೇಗಾಸ್‌ನಲ್ಲಿ ಅವನನ್ನ ಆರನೇ ಸುತ್ತಿನಲ್ಲಿ ನಿಲ್ಲಿಸಿ 122 ಪೌಂಡ್ ಪಟ್ಟ ತಗೊಂಡಿದ್ದು. ಅಮೆರಿಕ ಇವನನ್ನ ಮೊದಲ ಸಲ ಕಣ್ಣರಳಿಸಿ ನೋಡಿದ್ದೇ ಆಗ.

ಕಾಕಾರ ಇನ್ನೊಂದು ಪಾಯಿಂಟು ಇನ್ನೂ ಗಟ್ಟಿ. 126ರಿಂದ 130ರ ತನಕ ಎದುರಿಗೆ ಬಂದ ಬರೇರಾ, ಎರಿಕ್ ಮೊರಾಲೆಸ್, ಹುವಾನ್ ಮಾನ್ಯುಯೆಲ್ ಮಾರ್ಕೆಸ್, ಮೂವರೂ ಮೆಕ್ಸಿಕೊದವರು, ಮೂವರೂ ಇವನದೇ ಅಳತೆಯವರು, ಮೂವರೂ ಆಮೇಲೆ ಬಾಕ್ಸಿಂಗ್ ದಿಗ್ಗಜರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವ ಪಡೆದವರು. ಬೇರೆ ಯಾರೋ ಸುಸ್ತಾದ ಹಳೇ ಹುಲಿಗಳಲ್ಲ. ಮೊರಾಲೆಸ್ 2005ರಲ್ಲಿ ಇವನನ್ನ ಸೋಲಿಸಿದ, 2006ರಲ್ಲಿ ಇವನು ಎರಡು ಸಲ ಅವನನ್ನ ಮಲಗಿಸಿದ. ಮಾರ್ಕೆಸ್‌ನನ್ನ 2004ರಲ್ಲಿ ಮೊದಲ ಸುತ್ತಿನಲ್ಲೇ ಮೂರು ಸಲ ಬೀಳಿಸಿದರೂ ಅವನು ಎದ್ದು ನಿಂತು ಪಂದ್ಯ ಡ್ರಾ ಮಾಡಿಕೊಂಡ. ಒಬ್ಬ ತೀರ್ಪುಗಾರ ಆ ಮೂರು ಬೀಳುವಿಕೆಗೆ ಅಂಕ ತಪ್ಪಾಗಿ ಕೊಟ್ಟಿದ್ದರಿಂದ ಡ್ರಾ ಆಯಿತು ಅನ್ನೋದು ಕಾಕಾರ ಹಳೇ ಗಾಯ. ಅದನ್ನ ಕೆದಕಬೇಡಿ. ಒಂದು ಸಲ ನಾನು ಕೆದಕಿ ಕೊನೇ ಚಿಗರಿ ತಪ್ಪಿಸಿಕೊಂಡಿದ್ದೇನೆ.

ಇದಕ್ಕೆ ಎದುರು ಪಾರ್ಟಿ ನಮ್ಮ ಗುತ್ತಿಗೆದಾರ ಗೆಳೆಯ. ಮನೆ ಕಟ್ಟಿಸೋದು ಅವನ ಕೆಲಸ, ಏನೇ ಆದರೂ ಫಿನಿಶಿಂಗ್ ನೋಡೋದು ಅವನ ಚಟ. ಒಂದೇ ಕೈಯಲ್ಲಿ ಆಡೋನು ಪೀಕ್‌ನಲ್ಲಿ ಇದ್ದಾನೆ ಅಂದರೆ ಅದು ಪ್ಲಾಸ್ಟರ್ ಮಾಡದ ಮನೆ ತೋರಿಸಿ ಗೃಹಪ್ರವೇಶಕ್ಕೆ ಕರೆದಂಗೆ ಅಂತ ಅವನ ವಾದ. ಅವನ ವರ್ಷ 2009. ಮೇನಲ್ಲಿ 140 ಪೌಂಡಿನಲ್ಲಿ ಇಂಗ್ಲೆಂಡಿನ ರಿಕ್ಕಿ ಹ್ಯಾಟನ್. ಮೊದಲ ಸಲ ಹ್ಯಾಟನ್ ಬಿದ್ದದ್ದು ಬಲಗೈ ಹುಕ್‌ಗೆ, ಗಮನಿಸಿ, ಬಲಗೈ. ಕೋಚ್ ಫ್ರೆಡ್ಡಿ ರೋಚ್ ವರ್ಷಗಟ್ಟಲೆ ತಿದ್ದಿ ತೀಡಿದ ಕೈ ಅದು. ಎರಡನೇ ಸುತ್ತು ಮುಗಿಯೋಕೆ ಒಂದೇ ಸೆಕೆಂಡ್ ಇದ್ದಾಗ ಎಡಗೈ ಬಿತ್ತು, ಹ್ಯಾಟನ್ ಅಂಗಾತ ಮಲಗಿದ. ನವೆಂಬರ್‌ನಲ್ಲಿ ಮಿಗೆಲ್ ಕೊಟ್ಟೊ, ಇವನಿಗಿಂತ ದಪ್ಪ, ಇವನಿಗಿಂತ ಗಟ್ಟಿ. ಮೂರನೇ ಸುತ್ತಿನಲ್ಲಿ ಬಿದ್ದ, ನಾಲ್ಕನೇದರಲ್ಲಿ ಬಿದ್ದ, ಹನ್ನೆರಡರಲ್ಲಿ ರೆಫ್ರಿ ನಿಲ್ಲಿಸಿದ. ಗೆಳೆಯ ಆ ನಾಲ್ಕನೇ ಸುತ್ತನ್ನ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾನೆ. ಮಕ್ಕಳ ಫೋಟೋ ತೋರಿಸೋ ಹಾಗೆ ತೋರಿಸ್ತಾನೆ.

ಮೂರನೆಯವರು ಗಣಿತದ ಮಾಸ್ತರು, ಪಿಯು ಕಾಲೇಜಿನವರು. ಅವರಿಗೆ ತಮ್ಮದೇ ಅಂತ ಒಂದು ವರ್ಷ ಇಲ್ಲ, ಬೇರೆಯವರ ವರ್ಷ ಹೊಡೆದು ಹಾಕೋದೇ ಕೆಲಸ. "ಆ ಗೆಲುವೆಲ್ಲಾ ತೂಕದ ಲೆಕ್ಕರೀ" ಅಂತ ಶುರು ಮಾಡಿದರೆ ಮುಗಿಯಿತು. ಕೊಟ್ಟೊ ಪಂದ್ಯ 147ರ ಪಟ್ಟಕ್ಕೆ, ಆದರೆ ಕೊಟ್ಟೊ 145ಕ್ಕೆ ಇಳಿದು ಬರಬೇಕು ಅಂತ ಒಪ್ಪಂದ. 2010ರಲ್ಲಿ ಎಂಟನೇ ಪಟ್ಟ ತಂದ ಮಾರ್ಗರೀಟೊ ಜೊತೆಗಿನ ಪಂದ್ಯ 154ರ ಪಟ್ಟಕ್ಕೆ, ಒಪ್ಪಂದ 150ಕ್ಕೆ. 2008ರ ಡಿಸೆಂಬರ್‌ನಲ್ಲಿ ಆಸ್ಕರ್ ಡೆ ಲಾ ಹೋಯಾ 147ಕ್ಕೆ ಇಳಿದು ಬಂದ, ಅವನು ಆ ತೂಕಕ್ಕೆ ಬಂದು ಏಳು ವರ್ಷದ ಮೇಲಾಗಿತ್ತು. ತಕ್ಕಡಿ ಮೇಲೆ 145 ತೂಗಿದ, ಪಂದ್ಯದಲ್ಲಿ ಒಣಗಿದ ಕಟ್ಟಿಗೆ ಥರ ಕಂಡ, ಎಂಟು ಸುತ್ತು ಆದ ಮೇಲೆ ಸ್ಟೂಲಿನಿಂದ ಏಳಲೇ ಇಲ್ಲ.

"ಎರಡು ಪೌಂಡು, ಐದು ಪೌಂಡು, ಅದರಾಗೇನೈತ್ರಿ ಮಾಸ್ತರ್ರ?" ಅಂದ ಗೆಳೆಯ.

ಮಾಸ್ತರು ಎದ್ದರು. ಕೌಂಟರ್ ಮೇಲೆ ಸೇವು, ಚೂಡಾ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದರ ಮೇಲೆ ಒಂದು ಕೈಚೀಲ ಇಟ್ಟು ಉಳ್ಳಾಗಡ್ಡಿ ಹಾಕುತ್ತಾ ಹೋದರು. ಎರಡು ಕೆಜಿ ಇನ್ನೂರ ಎಪ್ಪತ್ತು ಗ್ರಾಂ ಬರೋ ತನಕ. ಒಂದು ಉಳ್ಳಾಗಡ್ಡಿ ತೆಗೆದು ಸಣ್ಣದು ಹಾಕಿ, ಮತ್ತೆ ತೆಗೆದು, ಲ್ಯಾಬಿನಲ್ಲಿ ಮಾಡೋ ಹಾಗೆ. "ಇದು ಐದು ಪೌಂಡು. ಕೊರಳಿಗೆ ಹಾಕ್ಕೊಂಡು ಮೂರು ನಿಮಿಷ ಕುಣೀರಿ, ಒಂದ ರೌಂಡು." ಗೆಳೆಯ ಹಾಕಿಕೊಂಡ. ಬೆಂಚು ಸರಿಸಿದರು. ಕಾಕಾ ಮೊಬೈಲಿನಲ್ಲಿ ಟೈಮ್ ಇಟ್ಟರು. ಮೊದಲ ನಿಮಿಷ ನಗು, ಎರಡನೇ ನಿಮಿಷ ಉಸಿರು, ಎರಡೂವರೆಗೆ ಗೆಳೆಯ ಚುರುಮುರಿ ಚೀಲದ ಮೇಲೆ ಕೂತ. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಪಾರ್ಸಲ್‌ಗೆ ಕಾದು ಕಾದು ಬೈದುಕೊಂಡು ಹೋದರು. ಇದನ್ನ ರಿವ್ಯೂನಲ್ಲಿ ಹೇಳಲೇಬೇಕು: ಶನಿವಾರ ಆರೂವರೆಯಿಂದ ಎಂಟರ ತನಕ ಅವಸರದಲ್ಲಿ ಇರೋರು ಇಲ್ಲಿಗೆ ಬರಬೇಡಿ.

ಮೂಲೆಯಲ್ಲಿ ಬರೀ ಚಹಾ ಕುಡಿಯೋ ಒಬ್ಬ ಹಳೇ ಪೈಲ್ವಾನ್ ಅಜ್ಜ ಇದ್ದಾರೆ, ಕಿವಿ ಎರಡೂ ಮುದುರಿ ಹೋಗಿವೆ. ಅವರು ಇದನ್ನೆಲ್ಲಾ ನೋಡಿ, "ನಮ್ಮ ಜಾತ್ರ್ಯಾಗ ತಕ್ಕಡಿ ಎಲ್ಲಿತ್ತೋ? ಹಿರ್ಯಾರು ಕಣ್ಣೀಲೆ ನೋಡಿ ಜೋಡಿ ಹಚ್ಚತಿದ್ರು. ಗೆದ್ದಾವ ಬೆಳ್ಳಿ ಕಡಗ ಹಾಕ್ಕೊಂಡು ಹೋಗತಿದ್ದ" ಅಂದರು. ಮಾಸ್ತರಿಗೆ ಇದಕ್ಕೆ ಉತ್ತರ ಇರಲಿಲ್ಲ. ಗರಡಿಯಲ್ಲಿ ಬೆಳೆದ ಊರಿಗೆ ಪೌಂಡಿನ ಲೆಕ್ಕ ಹೇಳೋದು ಕಷ್ಟ ಅಲ್ವಾ.

ಆದರೆ ಅವತ್ತು ವಾದವನ್ನ ತಿರುಗಿಸಿದ್ದು ಉಳ್ಳಾಗಡ್ಡಿ ಅಲ್ಲ, ಕಾಕಾ ತಾವಾಗೇ ಹೇಳಿದ ಒಂದು ಕತೆ. ಭಾರ ಹೊರೋದು ದೊಡ್ಡದಲ್ಲ, ಇಳಿಸೋದು ದೊಡ್ಡದು ಅಂತ ಶುರು ಮಾಡಿದರು. 48ಕ್ಕೆ ಬರೋಕೆ ಪಂದ್ಯದ ಹಿಂದಿನ ಎರಡು ದಿನ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಮೇಲೆ ಕಂಬಳಿ ಸುತ್ತಿ ಓಡಿಸುತ್ತಿದ್ದರಂತೆ. ನೀರು ಕುಡಿಯೋ ಹಾಗಿಲ್ಲ, ಬಾಯಿ ಮುಕ್ಕಳಿಸಿ ಉಗುಳಬಹುದು ಅಷ್ಟೇ. ಕೊನೆಗೆ ಉಗುಳೂ ಬರೋದಿಲ್ಲ. "ತಕ್ಕಡಿ ಇಳದ ಕೂಡಲೆ ನೀರ ಕುಡದ್ರ ಆ ನೀರ ಹೊಟ್ಟ್ಯಾಗ ಗುಳುಗುಳು ಅಂತಿತ್ತು, ಕೈಕಾಲಿಗೆ ಹೋಗತಿದ್ದಿಲ್ಲ. ಒಬ್ಬಾಂವ ಹೊಟ್ಟಿಗೆ ಒಂದ ಗುದ್ದು ಕೊಟ್ಟಾ ನೋಡು, ಅಲ್ಲೇ ಮುಗೀತು."

ನಾನು ಅಲ್ಲೇ ಹಿಡಿದೆ. ಪ್ಯಾಕಿಯಾವ್‌ಗೂ ಇದೇ ಆಗಿತ್ತು. 1999ರಲ್ಲಿ ಫ್ಲೈವೇಟ್ ಪಟ್ಟ ಹೋದದ್ದು ರಿಂಗಿನಲ್ಲಲ್ಲ, ತಕ್ಕಡಿ ಮೇಲೆ. 112ಕ್ಕೆ ಇಳಿಯೋಕೆ ಆಗಲಿಲ್ಲ. ಪಂದ್ಯದಲ್ಲಿ ಥಾಯ್ಲೆಂಡಿನ ಮೆಡ್ಗೊಯೆನ್ ಸಿಂಗ್ಸುರಾತ್ ಮೂರನೇ ಸುತ್ತಿನಲ್ಲಿ ಹೊಟ್ಟೆಗೆ ಹೊಡೆದು ಮಲಗಿಸಿದ. ಅಂದರೆ ಈ ಮನುಷ್ಯ ಕೆಳಗಿನ ತೂಕಗಳಲ್ಲಿ ಎದುರಾಳಿ ಜೊತೆ ಮಾತ್ರ ಅಲ್ಲ, ಊಟದ ಜೊತೆಯೂ ಹೋರಾಡುತ್ತಿದ್ದ. ಈಗ 2008ರ ಡೆ ಲಾ ಹೋಯಾ ಪಂದ್ಯದ ತೂಕ ನೋಡಿ. ಮಿತಿ 147, ಆಸ್ಕರ್ 145, ಪ್ಯಾಕಿಯಾವ್ 142. ಮಿತಿಗಿಂತ ಐದು ಪೌಂಡ್ ಕಡಿಮೆ. ಅಂದರೆ ಇಳಿಸೋದು ಏನೂ ಇರಲಿಲ್ಲ, ಬೇಕಾದ್ದು ತಿಂದು ಬಂದು ತಕ್ಕಡಿ ಹತ್ತಬಹುದಿತ್ತು. ಕಾಕಾ ಕಂಬಳಿ ಸುತ್ತಿ ಓಡಿದ ದಿನಗಳನ್ನ ನೆನಪಿಸಿಕೊಂಡರೆ ಇದರ ಬೆಲೆ ಗೊತ್ತಾಗುತ್ತೆ. ಕಾಕಾ ಮಾತಾಡಲಿಲ್ಲ. ಜಾಲರಿ ಸೌಟು ತಗೊಂಡು ಸುಮ್ನೆ ಎಣ್ಣೆ ತಿರುವಿದರು.

ನನ್ನ ಲೆಕ್ಕದಲ್ಲಿ ಪೀಕ್ ಅಂದರೆ 2008ರ ಜೂನ್‌ನಿಂದ 2009ರ ನವೆಂಬರ್. ಜೂನ್‌ನಲ್ಲಿ 135 ಪೌಂಡಿನಲ್ಲಿ ಡೇವಿಡ್ ಡಿಯಾಸ್, ಡಿಸೆಂಬರ್‌ನಲ್ಲಿ 147ರಲ್ಲಿ ಡೆ ಲಾ ಹೋಯಾ, ಮೇನಲ್ಲಿ 140ರಲ್ಲಿ ಹ್ಯಾಟನ್, ನವೆಂಬರ್‌ನಲ್ಲಿ 145ರಲ್ಲಿ ಕೊಟ್ಟೊ. ಹದಿನೇಳು ತಿಂಗಳಲ್ಲಿ ನಾಲ್ಕು ಪಂದ್ಯ, ನಾಲ್ಕು ತೂಕ, ಮೇಲೆ ಹೋಗಿ ಕೆಳಗೆ ಬಂದು ಮತ್ತೆ ಮೇಲೆ, ನಾಲ್ವರಲ್ಲಿ ಒಬ್ಬನೂ ಪಂದ್ಯ ಮುಗಿಯುವ ಗಂಟೆ ತನಕ ನಿಲ್ಲಲಿಲ್ಲ. ಎರಡೂ ಕೈ ಇತ್ತು, ಕಾಲು ಇನ್ನೂ ಹಳೇ ಕಾಲೇ, ಹೊಟ್ಟೆ ತುಂಬಿತ್ತು.

ಇದಕ್ಕೆ ಒಂದು ಮುಳ್ಳು ಇದೆ, ಅದನ್ನ ನಾನು ಬಚ್ಚಿಡಲ್ಲ. ಡಿಯಾಸ್ ಪಂದ್ಯಕ್ಕೆ ಮೂರು ತಿಂಗಳ ಮೊದಲು, 2008ರ ಮಾರ್ಚ್‌ನಲ್ಲಿ, ಮಾರ್ಕೆಸ್ ಜೊತೆ ಎರಡನೇ ಪಂದ್ಯ ಆಯಿತು. ತೀರ್ಪುಗಾರರಲ್ಲಿ ಇಬ್ಬರು ಇವನಿಗೆ, ಒಬ್ಬ ಅವನಿಗೆ. ಮೂರನೇ ಸುತ್ತಿನಲ್ಲಿ ಮಾರ್ಕೆಸ್ ಒಂದು ಸಲ ಬೀಳದಿದ್ದರೆ ಕತೆ ಬೇರೆಯೇ. ಹಾಗಿದ್ದರೆ ಮೂರು ತಿಂಗಳಲ್ಲಿ ಪ್ಯಾಕಿಯಾವ್ ಬದಲಾದನಾ, ಇಲ್ಲ ಎದುರಿಗೆ ನಿಂತವರು ಬದಲಾದರಾ? ಮಾರ್ಕೆಸ್ ಇವನನ್ನ ಓದಿಕೊಂಡಿದ್ದ. 2011ರಲ್ಲಿ ಮತ್ತೆ ಕೂದಲೆಳೆಯಲ್ಲಿ ಸೋತ, 2012ರಲ್ಲಿ ಆರನೇ ಸುತ್ತಿನಲ್ಲಿ ಒಂದೇ ಬಲಗೈಗೆ ಇವನನ್ನ ಮುಖ ಅಡಿ ಮಾಡಿ ಮಲಗಿಸಿದ. ಹ್ಯಾಟನ್, ಕೊಟ್ಟೊ ನೇರ ಬಂದು ಹೊಡೆಸಿಕೊಳ್ಳುವವರು, ಮಾರ್ಕೆಸ್ ಕಾಯುವವನು. ಕಾಕಾ ಇದನ್ನೇ ಹೇಳೋದು, ಗೆಲುವು ಎಷ್ಟು ಚೆಂದ ಕಂಡಿತು ಅನ್ನೋದರಿಂದ ಆಟಗಾರ ಎಷ್ಟು ಚೆಂದ ಇದ್ದ ಅಂತ ಅಳೆಯಬೇಡ ಅಂತ. ಇದನ್ನ ನಾನು ಅರ್ಧ ಒಪ್ಪುತ್ತೇನೆ.

ಮಾರ್ಗರೀಟೊ ಪಂದ್ಯವನ್ನ ಪೀಕ್ ಅನ್ನೋರೂ ಇದ್ದಾರೆ, ಅದನ್ನ ನಾನು ಒಪ್ಪಲ್ಲ. ತಕ್ಕಡಿ ಮೇಲೆ ಇವನು 144.6, ಅವನು 150. ಪಂದ್ಯದ ರಾತ್ರಿ ಅವನು ನೀರು ಕುಡಿದು ಉಂಡು 165ಕ್ಕೆ ಬಂದಿದ್ದ, ಇವನು 148. ಹದಿನೇಳು ಪೌಂಡ್ ವ್ಯತ್ಯಾಸ, ಮಾಸ್ತರ ಕೈಚೀಲ ಮೂರು ಮತ್ತು ಇನ್ನರ್ಧ. ಗೆದ್ದ, ಅವನ ಕಣ್ಣಿನ ಕೆಳಗಿನ ಎಲುಬೂ ಮುರಿಯಿತು, ಎಲ್ಲ ನಿಜ. ಆದರೆ ಆರನೇ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಏಟಿಗೆ ಇವನು ಹಗ್ಗಕ್ಕೆ ಒರಗಿದ್ದನ್ನ ನೋಡಿ. ಇದು ದೊಡ್ಡ ಸಾಹಸ ಹೌದು, ಪೀಕ್ ಅಲ್ಲ. ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಜೊತೆಗಿನ 2015ರ ಪಂದ್ಯದ ಬಗ್ಗೆ ಅಂಗಡಿಯಲ್ಲಿ ಯಾರೂ ಮಾತಾಡಲ್ಲ, ಅದು ಐದು ವರ್ಷ ತಡವಾಗಿ ಬಂದ ಮದುವೆ ಊಟ.

ಈಗ ಮಿರ್ಚಿಗೆ ಬರ್ತೀನಿ. ಈ ಅಂಗಡಿಯೂ ತೂಕ ಬದಲಿಸಿದ್ದೇ. ಮೊದಲು ನೆಹರು ಮೈದಾನದ ಕಡೆ ಗಾಡಿ ಇತ್ತು, ಆಮೇಲೆ ಈ ಗಲ್ಲಿಯ ಅಂಗಡಿ, ಆಮೇಲೆ ಮಗನ ಮಾತು ಕೇಳಿ ಗೋಕುಲ ರಸ್ತೆಯಲ್ಲಿ ಎಸಿ ಹಾಲ್. ಹಾಲ್ ಬಹಳ ದಿನ ನಡೀಲಿಲ್ಲ, ಬಾಡಿಗೆಯೇ ತಿಂದುಹಾಕಿತು, ವಾಪಸ್ ಗಲ್ಲಿಗೆ ಬಂದರು. ಅಮೆರಿಕದ ಬಾಕ್ಸರ್ ರಾಯ್ ಜೋನ್ಸ್ ಗೊತ್ತಲ್ಲ, 2003ರಲ್ಲಿ ಎಲ್ಲಕ್ಕಿಂತ ಮೇಲಿನ ತೂಕವಾದ ಹೆವಿವೇಟ್‌ಗೆ ಏರಿ ಜಾನ್ ರೂಯಿಸ್‌ನನ್ನ ಸೋಲಿಸಿ, ಅದೇ ವರ್ಷ ವಾಪಸ್ 175 ಪೌಂಡಿಗೆ ಇಳಿದು, ಮುಂದಿನ ಮೇನಲ್ಲಿ ಆಂಟೋನಿಯೊ ಟಾರ್ವರ್ ಕೈಯಲ್ಲಿ ಎರಡನೇ ಸುತ್ತಿಗೇ ಮಲಗಿದ. ಏರೋದಕ್ಕಿಂತ ಇಳಿಯೋದೇ ಮೈ ಮುರಿಯುತ್ತೆ. ಅಂಗಡಿಯದೂ ಅದೇ. ಎಸಿ ಹಾಲ್‌ನಲ್ಲಿ ಜನ ಜಾಸ್ತಿ ಅಂತ ಮಿರ್ಚಿಯನ್ನ ಅರ್ಧ ಕರಿದು ಇಟ್ಟು, ಆರ್ಡರ್ ಬಂದಾಗ ಮತ್ತೆ ಎಣ್ಣೆಗೆ ಬಿಡೋ ರೂಢಿ ಆಯಿತು. ಇಲ್ಲಿಗೆ ಬಂದ ಮೇಲೂ ಆ ರೂಢಿ ಹೋಗಿಲ್ಲ. ಹೊರಗೆ ಗರಿಗರಿ ಇರುತ್ತೆ, ಕಚ್ಚಿದರೆ ಒಳಗಿನ ಮೆಣಸಿನಕಾಯಿ ಎಣ್ಣೆ ಕುಡಿದು ಜೋತು ಬಿದ್ದಿರುತ್ತೆ. ಸೋಡಾನೂ ಒಂದು ಚಿಟಿಕೆ ಜಾಸ್ತಿ. ಮೂರು ಸ್ಟಾರ್.

ಗಾಡಿ ಇದ್ದಾಗಿನ ಮಿರ್ಚಿ ಅಂತ ಹಳಬರು ಕಣ್ಣು ಮುಚ್ಚಿಕೊಂಡು ಹೇಳ್ತಾರೆ. ನಾನೂ ತಿಂದಿದ್ದೇನೆ, ಕಾಲೇಜಿನ ದಿನಗಳಲ್ಲಿ. ನಾಲ್ಕೇ ನಾಲ್ಕು ಒಂದು ಸಲಕ್ಕೆ, ಕಡಾಯಿಯಿಂದ ನೇರ ಪೇಪರಿಗೆ, ತುದಿ ಸೀಳಿ ಒಳಗೆ ಉಪ್ಪು-ಜೀರಿಗೆ ಹಚ್ಚಿದ್ದು. ಪಕ್ಕದಲ್ಲಿ ಇನ್ನೂ ಮೂರು ಗಾಡಿ ಇದ್ದವು, ಒಂದು ದಿನ ರುಚಿ ಕೆಟ್ಟರೆ ಗಿರಾಕಿ ಎರಡು ಹೆಜ್ಜೆ ಸರಿದು ಬಿಡುತ್ತಿದ್ದ. ಈಗ ಈ ಗಲ್ಲಿಯಲ್ಲಿ ಕಾಕಾಗೆ ಮೊರಾಲೆಸ್ಸೂ ಇಲ್ಲ, ಮಾರ್ಕೆಸ್ಸೂ ಇಲ್ಲ. ಹೀಗಂತ ಕಾಕಾರ ಮುಂದೆಯೇ ಹೇಳಿದೆ. "ಹಂಗಾರ ನನ್ನ ಮಾತs ಖರೆ ಆತಲ್ಲೋ, ಬರೇರಾ ಟೈಮ್ ಚಲೋ ಇತ್ತಂತ!" ಅಂದು ತೊಡೆ ತಟ್ಟಿದರು. ನಾನೇ ಸಿಕ್ಕಿಬಿದ್ದೆ. ಆದರೆ ಗಿರ್ಮಿಟ್ ಗಾಡಿಯಲ್ಲಿ ಹೀಗಿರಲಿಲ್ಲ, ಅಲ್ಲಿ ಗೊಜ್ಜು ಕುದಿಸೋಕೆ ಜಾಗವೇ ಇರಲಿಲ್ಲ, ಹುಣಸೆ ನೀರು ಚಿಮುಕಿಸಿ ಕೊಡುತ್ತಿದ್ದರು. ಗಿರ್ಮಿಟ್‌ನ 2009 ಈಗಲೇ ನಡೀತಾ ಇದೆ.

ಇಷ್ಟೆಲ್ಲಾ ಆಗುವಾಗ ಕಾಕು ಟಿವಿ ಕಡೆ ತಿರುಗಿಯೂ ನೋಡಲ್ಲ. ಒಂದು ಶನಿವಾರ ಮಾತ್ರ, ಹಿಟ್ಟಿನ ಕೈ ಎತ್ತಿ, "ನಿಮಗ ಯಾವಾಗ್ಲೂ ಆ ಪರದೇಶದಾವ್ರs ಕಾಣ್ತಾರೇನ್ರಿ? ನಮ್ಮ ಮೇರಿ ಕೋಮ್?" ಅಂದರು. ಎಲ್ಲರೂ ಸುಮ್ಮನಾದರು, ಯಾಕಂದ್ರೆ ಯಾರೂ ಯೋಚನೆ ಮಾಡಿರಲಿಲ್ಲ. ಮೇರಿ ಕೋಮ್ ಕತೆ ಇದಕ್ಕಿಂತ ಸಿಕ್ಕು. 2002ರಿಂದ 2018ರ ತನಕ ಆರು ವಿಶ್ವ ಚಿನ್ನ, ಎಲ್ಲ 45ರಿಂದ 48 ಕೆಜಿ ಒಳಗೆ. ಅವಳಿ ಮಕ್ಕಳನ್ನ ಹೆತ್ತ ಮೇಲೆ 2008ರಲ್ಲಿ ಚೀನಾದ ನಿಂಗ್‌ಬೊದಲ್ಲಿ ನಾಲ್ಕನೇ ಚಿನ್ನ. ಆದರೆ ಊರಿಗೆಲ್ಲ ಗೊತ್ತಿರೋದು 2012ರ ಲಂಡನ್ ಕಂಚು, ಅದು 51 ಕೆಜಿಯಲ್ಲಿ. ಆಸೆಪಟ್ಟು ಏರಿದ್ದಲ್ಲ. ಮೊದಲ ಸಲ ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದಾಗ ಇದ್ದದ್ದೇ ಮೂರು ತೂಕ, 51, 60, 75. ಅವರ ತೂಕಕ್ಕೆ ಬಾಗಿಲೇ ಇರಲಿಲ್ಲ. ಸೆಮಿಫೈನಲ್‌ನಲ್ಲಿ ಸೋಲಿಸಿದ ಇಂಗ್ಲೆಂಡಿನ ನಿಕೋಲಾ ಆಡಮ್ಸ್ ಮೊದಲಿಂದಲೂ ಇವರಿಗಿಂತ ಮೇಲಿನ ತೂಕದವಳು. ಹಾಗಾದರೆ ಮೇರಿ ಕೋಮ್ ಪೀಕ್ ಯಾವುದು? ಪದಕ ಸಿಕ್ಕ 2012 ಅಲ್ಲ ಅಂತ ಮಾಸ್ತರು, 2008 ಅಂತ ನಾನು, 2010ರಲ್ಲಿ ಬಾರ್ಬಡೋಸ್‌ನಲ್ಲಿ 48ಕ್ಕೆ ಏರಿಯೂ ಗೆದ್ದದ್ದು ಅಂತ ಗೆಳೆಯ. ಕಾಕು ಪ್ರಕಾರ 2018, ದೆಹಲಿ, ಮೂವತ್ತೈದರ ಮೇಲೆ, ಮನೆಯಲ್ಲಿ ಮೂರು ಗಂಡುಮಕ್ಕಳನ್ನ ಬಿಟ್ಟು ಬಂದು ಗೆದ್ದದ್ದು. "ಹೊಟ್ಟಿ ತುಂಬಿತ್ತಂತ, ಹೊಟ್ಟಿ ತುಂಬಿತ್ತಂತ. ಎಲ್ಲಾರ ಹೊಟ್ಟಿ ತುಂಬಿಸಿ ಬಂದು ಆಡ್ಯಾಳ ಆಕಿ." ನನಗೇ ಹೇಳಿದ್ದು. ಆ ಪ್ಲೇಟಿನ ಮಿರ್ಚಿ ಮಾತ್ರ ಎರಡು ಸಲ ಕರಿದದ್ದಲ್ಲ, ಹಸಿ ಹಿಟ್ಟಿನಿಂದ ನೇರ ಎಣ್ಣೆಗೆ ಬಿಟ್ಟದ್ದು. ಸಿಟ್ಟಿನಲ್ಲಿ ರೂಢಿ ಮರೆತಿದ್ದರು ಅನಿಸುತ್ತೆ. ಐದು ಸ್ಟಾರ್.

ಉಳಿದ ದೂರುಗಳು ಸಣ್ಣವು. ಬೆಂಚು ನಾಲ್ಕೇ, ಒಂದರ ಕಾಲು ಕುಂಟು, ಅದರ ಮೇಲೆ ಗೊತ್ತಿಲ್ಲದವರನ್ನ ಕೂರಿಸ್ತಾರೆ. ದುಡ್ಡು ಬಂದಾಗ ಕೂಗುವ ಸ್ಪೀಕರ್ ಡಬ್ಬಿಯನ್ನ ಟಿವಿ ಪಕ್ಕದಲ್ಲೇ ಇಟ್ಟಿದ್ದಾರೆ. ಕೊಟ್ಟೊ ಬೀಳೋ ಹೊತ್ತಿಗೇ 'ಎಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ' ಅನ್ನುತ್ತೆ. ಗಲ್ಲಿಯಲ್ಲಿ ಕಾರು ತಿರುಗಲ್ಲ, ಬೈಕ್ ಕಷ್ಟಪಟ್ಟು. ಚಹಾಕ್ಕೆ ಶುಂಠಿ ಜಜ್ಜಿ ಹಾಕ್ತಾರೆ, ಸಕ್ಕರೆ ಕಡಿಮೆ ಬೇಕಾದರೆ ಮೊದಲೇ ಹೇಳಿ, ಆಮೇಲೆ ಹೇಳಿದರೆ ಕಾಕಾಗೆ ಕೇಳಿಸಲ್ಲ. ಸೋಮವಾರ ಬಂದ್.

ಹೋದ ಶನಿವಾರ ಮಾಸ್ತರು ಹೊಸ ಬಾಂಬು ತಂದಿದ್ದರು. ಅಮೆರಿಕದ ಹಳೇ ಬಾಕ್ಸರ್ ಹೆನ್ರಿ ಆರ್ಮ್‌ಸ್ಟ್ರಾಂಗ್, 1938, ಒಂದೇ ಹೊತ್ತಿಗೆ ಮೂರು ತೂಕದ ಪಟ್ಟ ಕೈಯಲ್ಲಿ, ಅದೂ ಒಟ್ಟು ಎಂಟೇ ತೂಕ ಇದ್ದ ಕಾಲದಲ್ಲಿ. ಈಗ ಹದಿನೇಳಕ್ಕೂ ಕಡಿಮೆ ಇಲ್ಲ, ಹಾಗಿದ್ದರೆ ಪ್ಯಾಕಿಯಾವ್‌ನ ಎಂಟು ಅಂದರೆ ಹಳೇ ಲೆಕ್ಕದಲ್ಲಿ ಎಷ್ಟು ಅಂತ ಕಾಗದದ ಮೇಲೆ ಭಾಗಾಕಾರ ಶುರು ಮಾಡಿದರು. ಕಾಕಾ ರಿಮೋಟ್ ಹುಡುಕುತ್ತಿದ್ದರು. ನಾನು ಗಿರ್ಮಿಟ್ ಮೆತ್ತಗಾಗೋಕೆ ಮೊದಲು ತಿಂದು ಮುಗಿಸಿ, ಎಂಟೂಕಾಲರ ಚಿಗರಿ ಹಿಡಿದೆ.